ಕುಂಬಾರನ ದೃಷ್ಟಾಂತ ಮತ್ತು ನಮ್ಮ ಶಿವ
(ಬೇಲೂರು ಸೀಮೆಯ ಶಾಸನಗಳ ಹಿನ್ನೆಲೆಯಲ್ಲಿ ಒಂದು ವಿಚಾರ)

‘ದೇವರು ಇದ್ದಾನೆ ಎಂಬುದಕ್ಕೆ ಪ್ರಮಾಣವೇನು?’ ಕಾಲೇಜಿನಲ್ಲಿ ಓದುವ ಮಕ್ಕಳು ಮನೆಯಲ್ಲಿ ಈ ಪ್ರಶ್ನೆಯನ್ನು ಎತ್ತಿದಾಗ ಹಿರಿಯರಾದವರು ಸಾಮಾನ್ಯವಾಗಿ ಎರಡು ಬಗೆಯಾಗಿ ನಡೆದುಕೊಳ್ಳುವುದುಂಟು. ಕೆಲವರು ‘ಇದು ಪಶ್ಚಿಮದಿಂದ ಬಂದ ನಾಸ್ತಿಕಬುದ್ಧಿ’ ಎಂದು ಗದರಿಸಿಬಿಡುತ್ತಾರೆ. ಮತ್ತೆ ಕೆಲವರು ‘ಗಡಿಗೆಯಿದ್ದರೆ ಕುಂಬಾರನಿರಬೇಕಷ್ಟೆ, ಹಾಗೆಯೇ ಜಗತ್ತಿದ್ದರೆ ಅದನ್ನು ಮಾಡಿದವನಿರಬೇಕು’ ಎಂದು ಹೇಳಿ, ಅಲ್ಲಿಗೆ ಮಾತು ಮುಗಿಯಿತೆಂದು ಭಾವಿಸುತ್ತಾರೆ. ಸದ್ಭಕ್ತರಾದ ತಾವು ಈ ಎರಡು ಉತ್ತರಗಳನ್ನೂ ಕೇಳಿದ್ದೀರಿ. ಪ್ರಾಯಶಃ ಹೇಳಿಯೂ ಇದ್ದೀರಿ. ಮೊದಲನೆಯದು ನಮ್ಮ ನಾಡಿನ ಚರಿತ್ರೆಗೆ ಹೊಂದದ ಮಾತು. ಎರಡನೆಯದು ಒಂದು ಹಳೆಯ, ಗೌರವಾರ್ಹವಾದ ವಾದ. ಆದರೆ ಅದು ಎಷ್ಟನ್ನು ಸಾಧಿಸುತ್ತದೆ, ಎಲ್ಲಿ ನಿಂತುಬಿಡುತ್ತದೆ ಎಂಬುದನ್ನು ತೂಗಿ ನೋಡದೆ ಹೇಳುವುದು ತರವಲ್ಲ. ಆ ತೂಕವನ್ನು ನಮ್ಮ ಪೂರ್ವಿಕರು ಹೇಗೆ ಮಾಡಿದರು ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸೋಣ.

ಹೆಗ್ಗದ್ದೆ, ಸಕಲೇಶಪುರ, ಆಲೂರು ಕಡೆಯ ಭಕ್ತರಿಗೆ ಬೇಲೂರು ದೂರದ ಊರಲ್ಲ. ಅಲ್ಲಿಯ ಕೇಶವ ದೇವಾಲಯವನ್ನು ಹೊಯ್ಸಳ ವಿಷ್ಣುವರ್ಧನನು ೧೧೧೭ರಲ್ಲಿ ಪ್ರತಿಷ್ಠೆ ಮಾಡಿಸಿದನು. ಮುಂದೆ ವಿಜಯನಗರದ ಎರಡನೆಯ ಹರಿಹರನ ಕಾಲದಲ್ಲಿ, ೧೩೯೭ರಲ್ಲಿ, ಗುಂಡ ದಂಡನಾಥನು ಅದರ ಮಹಾದ್ವಾರದ ಗೋಪುರವನ್ನು ಮತ್ತೆ ಕಟ್ಟಿಸಿದನು. ಆ ಕಾಲದ ಶಾಸನದಲ್ಲಿ ಸುಪ್ರಸಿದ್ಧವಾದ ಒಂದು ಸಂಸ್ಕೃತ ಶ್ಲೋಕವಿದೆ. ಶೈವರು ಶಿವನೆಂದೂ, ವೇದಾಂತಿಗಳು ಬ್ರಹ್ಮವೆಂದೂ, ಬೌದ್ಧರು ಬುದ್ಧನೆಂದೂ, ನೈಯಾಯಿಕರು ಕರ್ತೃವೆಂದೂ, ಜೈನರು ಅರ್ಹಂತನೆಂದೂ, ಮೀಮಾಂಸಕರು ಕರ್ಮವೆಂದೂ ಯಾರನ್ನು ಕರೆಯುತ್ತಾರೋ ಆ ಕೇಶವನು ಇಷ್ಟಾರ್ಥವನ್ನು ಕೊಡಲಿ ಎಂಬುದು ಅದರ ತಾತ್ಪರ್ಯ. ಸರ್ವಧರ್ಮ ಸಮನ್ವಯದ ಸಭೆಗಳಲ್ಲಿ ಈ ಶ್ಲೋಕವನ್ನು ಹೇಳದ ಉಪನ್ಯಾಸಕರು ವಿರಳ.

ಆದರೆ ವಾಚಕರು ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಈ ಆರು ಪಕ್ಷಗಳಲ್ಲಿ ಬೌದ್ಧ, ಜೈನ, ಮೀಮಾಂಸಕ ಎಂಬ ಮೂರು ಪಕ್ಷಗಳವರು ಜಗತ್ತನ್ನು ಸೃಷ್ಟಿಸಿದ ಈಶ್ವರನೊಬ್ಬನಿದ್ದಾನೆ ಎಂಬುದನ್ನು ಒಪ್ಪುವವರಲ್ಲ. ಅಂದರೆ, ಆರುನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಒಂದು ದೇವಾಲಯದ ಶಾಸನದಲ್ಲಿಯೇ ಸೃಷ್ಟಿಕರ್ತನನ್ನು ಒಪ್ಪುವವರೂ ಒಪ್ಪದವರೂ ಒಂದೇ ಪಂಕ್ತಿಯಲ್ಲಿ ಕುಳಿತಿದ್ದಾರೆ. ಪ್ರಶ್ನೆ ಹೊರಗಿನಿಂದ ಬಂದುದಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಆದರೆ ಪಂಕ್ತಿಯಲ್ಲಿ ಕೂರಿಸಿದ ಮಾತ್ರಕ್ಕೆ ವಾದ ತೀರಿತೆಂದು ತಿಳಿಯಬಾರದು. ಕರ್ತೃವಿದ್ದಾನೆ ಎಂಬ ಮಾತೂ, ಕರ್ಮವೇ ಸಾಕು, ಕರ್ತೃ ಬೇಡ ಎಂಬ ಮಾತೂ ಒಂದೇ ಅರ್ಥದಲ್ಲಿ ಸತ್ಯವಾಗಲಾರವು. ಸೌಜನ್ಯ ಬೇರೆ, ನಿರ್ಣಯ ಬೇರೆ. ಆದುದರಿಂದ ವಾದವನ್ನೇ ನೋಡಬೇಕಾಗುತ್ತದೆ.

ವಾದದ ಸ್ವರೂಪ

ಈಶ್ವರನನ್ನು ತರ್ಕದಿಂದ ಸಾಧಿಸಲು ಹೊರಟವರಲ್ಲಿ ನೈಯಾಯಿಕರು ಅಗ್ರಗಣ್ಯರು. ಹತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಮಿಥಿಲೆಯಲ್ಲಿದ್ದ ಉದಯನಾಚಾರ್ಯನು ‘ನ್ಯಾಯಕುಸುಮಾಂಜಲಿ’ ಎಂಬ ಗ್ರಂಥವನ್ನು ಇದೇ ಉದ್ದೇಶಕ್ಕಾಗಿ ಬರೆದನು. ಅವನು ಕೊಡುವ ಹಲವು ಹೇತುಗಳಲ್ಲಿ ಮೊದಲನೆಯದು, ಪ್ರಧಾನವಾದುದು, ಕಾರ್ಯತ್ವ. ಭೂಮಿ, ಗಿಡದ ಮೊಳಕೆ ಮೊದಲಾದುವು ಕಾರ್ಯಗಳು, ಕಾರ್ಯವಾದುದಕ್ಕೆಲ್ಲ ಬುದ್ಧಿವಂತನಾದ ಕರ್ತೃವೊಬ್ಬನಿರುತ್ತಾನೆ, ಗಡಿಗೆಗೆ ಕುಂಬಾರನಿರುವಂತೆ. ಆದುದರಿಂದ ಭೂಮಿಗೂ ಕರ್ತೃವಿದ್ದಾನೆ, ಅವನೇ ಈಶ್ವರ. ಗುಡ್ಡದ ಮೇಲೆ ಹೊಗೆ ಕಂಡು ಬೆಂಕಿಯನ್ನು ಊಹಿಸುವಂತೆಯೇ ಇದೂ ಒಂದು ಅನುಮಾನ. ‘ಅನುಮಾನ’ ಎಂದರೆ ಇಲ್ಲಿ ಸಂದೇಹವಲ್ಲ, ಕಂಡುದರಿಂದ ಕಾಣದುದನ್ನು ತಿಳಿಯುವ ಪ್ರಮಾಣ ಎಂಬುದನ್ನು ತಾವು ಬಲ್ಲಿರಿ.

ಈ ವಿದ್ಯೆ ನಮ್ಮ ನಾಡಿನ ಶೈವ ಮಠಗಳಲ್ಲಿ ಪಾಠವಾಗುತ್ತಿತ್ತು. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠವು ಕಾಳಾಮುಖರ ದೊಡ್ಡ ವಿದ್ಯಾಕೇಂದ್ರ. ಬಿಜ್ಜಳನ ಕಾಲದ ೧೧೬೨ರ ಶಾಸನ ಆ ಮಠವನ್ನು ವರ್ಣಿಸುತ್ತ, ಅಲ್ಲಿ ವೇದ ವ್ಯಾಕರಣಗಳ ಜೊತೆಗೆ ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ಮೊದಲಾದ ದರ್ಶನಗಳ ವ್ಯಾಖ್ಯಾನ ನಡೆಯುತ್ತಿತ್ತೆಂದೂ, ದೀನರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುತ್ತಿದ್ದುವೆಂದೂ ಹೇಳುತ್ತದೆ. ಶಿವನ ಮಠದಲ್ಲಿ ಬೌದ್ಧ ದರ್ಶನದ ಪಾಠ! ಎದುರಾಳಿಯ ಮಾತನ್ನು ಅವನಷ್ಟೇ ಚೆನ್ನಾಗಿ ಬಲ್ಲವನಿಗೆ ಮಾತ್ರ ಉತ್ತರ ಹೇಳುವ ಅಧಿಕಾರವಿದೆ ಎಂಬುದು ಆ ಕಾಲದ ಮಠದ ಮರ್ಯಾದೆಯಾಗಿತ್ತು. ಇದು ಬಸವಣ್ಣನವರು ಕಲ್ಯಾಣದಲ್ಲಿದ್ದ ಶತಮಾನವೇ ಎಂಬುದನ್ನು ನೆನೆದರೆ ಶರಣರ ಸುತ್ತ ಯಾವ ಬಗೆಯ ವಿಚಾರದ ಗಾಳಿ ಬೀಸುತ್ತಿತ್ತೆಂಬುದು ಮನಸ್ಸಿಗೆ ಬರುತ್ತದೆ.

ಆಕ್ಷೇಪಗಳು

ಈಗ ಪ್ರತಿವಾದಿಗಳ ಮಾತನ್ನು ಕೇಳೋಣ. ಬಳ್ಳಿಗಾವೆಯಿಂದಲೇ ಬಂದ ದಾಸೋಜನೆಂಬ ಶಿಲ್ಪಿ, ಅವನ ಮಗ ಚಾವಣ ಮೊದಲಾದವರು ಬೇಲೂರಿನ ವಿಗ್ರಹಗಳ ಕೆಳಗೆ ತಮ್ಮ ಹೆಸರನ್ನು ಕೆತ್ತಿದ್ದಾರೆ. ಹೆಸರಿಲ್ಲದ ವಿಗ್ರಹವನ್ನು ಕಂಡರೂ ‘ಇದನ್ನು ಯಾರೋ ಶಿಲ್ಪಿ ಮಾಡಿದ್ದಾನೆ’ ಎಂದು ನಾವು ನಿಸ್ಸಂದೇಹವಾಗಿ ಹೇಳುತ್ತೇವೆ. ಏಕೆ? ಶಿಲ್ಪಿಗಳು ವಿಗ್ರಹ ಕಡೆಯುವುದನ್ನು ನಾವು ಕಂಡಿದ್ದೇವೆ. ಆದರೆ ವಿಗ್ರಹಕ್ಕೆ ಒದಗಿದ ಬಳಪದ ಕಲ್ಲು, ಆ ಕಲ್ಲು ಬಂದ ಗುಡ್ಡ, ಸಕಲೇಶಪುರದ ಬದಿಯಲ್ಲಿ ಹರಿಯುವ ಹೇಮಾವತಿ, ಇವನ್ನು ಯಾರಾದರೂ ಮಾಡುವುದನ್ನು ಯಾರು ಕಂಡಿದ್ದಾರೆ? ಏಳನೆಯ ಶತಮಾನದ ಬೌದ್ಧ ಪಂಡಿತ ಧರ್ಮಕೀರ್ತಿಯ ಆಕ್ಷೇಪದ ತಿರುಳು ಇದೇ. ಮಣ್ಣಿನ ಗಡಿಗೆಗೆ ಕುಂಬಾರನಿದ್ದಾನೆಂದು, ಮಣ್ಣಿನಿಂದ ಆದ ಹುತ್ತಕ್ಕೂ ಕುಂಬಾರನೇ ಕರ್ತೃವೆಂದು ಸಾಧಿಸಿದಂತಾಗುತ್ತದೆಯೆ ಎಂದು ಅವನು ಕೇಳುತ್ತಾನೆ. ನಮ್ಮ ಮಲೆನಾಡಿನ ತೋಟದ ಬೇಲಿಯ ಪಕ್ಕದಲ್ಲಿ ಹುತ್ತವನ್ನು ನೋಡದವರಿಲ್ಲ. ಅದರ ಕರ್ತೃಗಳು ಗೆದ್ದಲುಗಳೆಂಬುದೂ ಎಲ್ಲರಿಗೂ ಗೊತ್ತು. ‘ಕಾರ್ಯ’ ಎಂಬ ಶಬ್ದವೊಂದೇ ಆದ ಮಾತ್ರಕ್ಕೆ ಎಲ್ಲ ಕಾರ್ಯಗಳಿಗೂ ಒಂದೇ ಬಗೆಯ ಕಾರಣವಿರಬೇಕಿಲ್ಲ.

ಜೈನರ ಆಕ್ಷೇಪ ಇನ್ನೊಂದು ದಿಕ್ಕಿನಿಂದ ಬರುತ್ತದೆ. ಹಾಸನ ಜಿಲ್ಲೆಯ ಶ್ರವಣಬೆಳಗೊಳದಲ್ಲಿ ೧೧೨೯ರ ಮಲ್ಲಿಷೇಣ ಪ್ರಶಸ್ತಿಯೆಂಬ ದೀರ್ಘ ಶಾಸನವಿದೆ. ಅದರಲ್ಲಿ ಜೈನಾಚಾರ್ಯರ ಪರಂಪರೆಯನ್ನೂ ವಾದಸಭೆಗಳಲ್ಲಿ ಅವರು ಪಡೆದ ಜಯಗಳನ್ನೂ ಹೊಗಳಿದೆ. ಆ ಪರಂಪರೆಗೆ ಮಾನ್ಯನಾದ ಜಿನಸೇನಾಚಾರ್ಯನು ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಗುರು. ೯೪೧ರಲ್ಲಿ ಪಂಪನು ರಚಿಸಿದ ‘ಆದಿಪುರಾಣ’ಕ್ಕೆ ಮೂಲವಾದುದು ಇವನ ಸಂಸ್ಕೃತ ಕೃತಿಯೇ. ಅದರಲ್ಲಿ ಜಿನಸೇನನು ಸೃಷ್ಟಿಕರ್ತೃವಾದಿಗಳಿಗೆ ಹಾಕುವ ಪ್ರಶ್ನೆಗಳ ಸಾರ ಇಷ್ಟು: ಸೃಷ್ಟಿಗೆ ಮುಂಚೆ ಕರ್ತೃ ಎಲ್ಲಿದ್ದನು? ಯಾವ ಸಾಮಗ್ರಿಯಿಂದ ಮಾಡಿದನು? ಸಾಮಗ್ರಿಯನ್ನೂ ಅವನೇ ಮಾಡಿದ್ದರೆ ಅದಕ್ಕೆ ಸಾಮಗ್ರಿ ಯಾವುದು? ಅವನು ಪರಿಪೂರ್ಣನಾಗಿದ್ದರೆ ಮಾಡಬೇಕೆಂಬ ಇಚ್ಛೆ ಏಕೆ ಹುಟ್ಟಿತು? ಲೀಲೆಗಾಗಿ ಎಂದರೆ ಅದು ಮಕ್ಕಳಾಟ. ಕರುಣೆಯಿಂದ ಎಂದರೆ ಎಲ್ಲರನ್ನೂ ಸುಖಿಗಳನ್ನಾಗಿ ಏಕೆ ಮಾಡಲಿಲ್ಲ?

ಕೊನೆಯ ಪ್ರಶ್ನೆಯನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ೨೦೧೮ರ ಆಗಸ್ಟಿನಲ್ಲಿ ಕೊಡಗಿನಲ್ಲಿಯೂ ಸಕಲೇಶಪುರದ ಘಟ್ಟದಲ್ಲಿಯೂ ಗುಡ್ಡಗಳು ಕುಸಿದಾಗ, ತೋಟ ಮನೆಗಳನ್ನು ಕಳೆದುಕೊಂಡವರು ತರ್ಕಶಾಸ್ತ್ರ ಓದಿದವರಲ್ಲ. ಆದರೂ ಅವರ ಮನಸ್ಸಿನಲ್ಲಿ ಎದ್ದಿರಬಹುದಾದ ಪ್ರಶ್ನೆ ಜಿನಸೇನನದೇ. ಗಡಿಗೆಯ ಅಂದ ಕಂಡು ಕುಂಬಾರನ ಜಾಣ್ಮೆಯನ್ನು ಊಹಿಸುವುದು ನ್ಯಾಯವಾದರೆ, ಗಡಿಗೆಯ ಬಿರುಕು ಕಂಡು ಅವನ ಕೊರತೆಯನ್ನು ಊಹಿಸುವುದೂ ಅದೇ ನ್ಯಾಯದಿಂದ ಬರುತ್ತದೆ.

ಆಕ್ಷೇಪವೆತ್ತಿದವರೆಲ್ಲ ಈಶ್ವರನನ್ನು ಒಪ್ಪದವರು ಎಂದು ತಾವು ಭಾವಿಸಬಾರದು. ವಿಷ್ಣುವರ್ಧನನ ಕಾಲದಲ್ಲಿ ಮೇಲುಕೋಟೆಯಲ್ಲಿದ್ದ ರಾಮಾನುಜಾಚಾರ್ಯರು ಪರಮ ಭಕ್ತರು. ಅವರೇ ತಮ್ಮ ‘ಶ್ರೀಭಾಷ್ಯ’ದಲ್ಲಿ ಈ ಅನುಮಾನವನ್ನು ದೀರ್ಘವಾಗಿ ಖಂಡಿಸಿ, ಬ್ರಹ್ಮವು ಶಾಸ್ತ್ರದಿಂದ ಮಾತ್ರ ತಿಳಿಯತಕ್ಕದ್ದು ಎಂದು ನಿರ್ಣಯಿಸಿದರು. ಭೂಮಿ ಸಮುದ್ರಗಳೆಲ್ಲ ಒಂದೇ ಕಾಲದಲ್ಲಿ ಒಬ್ಬನಿಂದಲೇ ಆದುವೆಂಬುದಕ್ಕೆ ಆಧಾರವೇನು? ದೊಡ್ಡ ಕಟ್ಟಡಗಳನ್ನು ಹಲವರು ಸೇರಿ ಕಟ್ಟುತ್ತಾರಲ್ಲವೆ? ಬೇಲೂರಿನ ಗುಡಿಯೇ ಇದಕ್ಕೆ ಉದಾಹರಣೆ. ದೃಷ್ಟಾಂತವನ್ನು ನಂಬಿದರೆ ಅದು ಒಬ್ಬ ಈಶ್ವರನ ಬದಲು ಹಲವು ಶಿಲ್ಪಿಗಳ ಕಡೆಗೆ ಕೈ ತೋರಿಸುತ್ತದೆ. ಭಕ್ತನಾದವನು ದುರ್ಬಲವಾದ ವಾದವನ್ನು ತನ್ನ ಪಕ್ಷದ್ದೆಂಬ ಕಾರಣಕ್ಕೆ ಸಮರ್ಥಿಸಬೇಕಿಲ್ಲ ಎಂಬುದನ್ನು ಆಚಾರ್ಯರ ಈ ನಡೆಯಿಂದ ಕಲಿಯಬೇಕು.

ಪಶ್ಚಿಮದಲ್ಲಿಯೂ ಇದೇ ದಾರಿಯಲ್ಲಿ ಚರ್ಚೆ ನಡೆದುದು ಗಮನಾರ್ಹ. ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮನು ಬರೆದು, ಅವನು ತೀರಿಕೊಂಡ ಮೇಲೆ ೧೭೭೯ರಲ್ಲಿ ಪ್ರಕಟವಾದ ಸಂವಾದಗ್ರಂಥದಲ್ಲಿ ಹಲವು ಕರ್ತೃಗಳೇಕಿರಬಾರದು ಎಂಬ ಪ್ರಶ್ನೆಯಿದೆ. ಜರ್ಮನಿಯ ಕಾಂಟನು ೧೭೮೧ರ ತನ್ನ ಗ್ರಂಥದಲ್ಲಿ, ಈ ವಾದ ಹೆಚ್ಚೆಂದರೆ ಇದ್ದ ಸಾಮಗ್ರಿಯನ್ನು ಜೋಡಿಸಿದ ಸ್ಥಪತಿಯವರೆಗೆ ಹೋಗುತ್ತದೆ, ಸಾಮಗ್ರಿಗೂ ಮೂಲನಾದವನವರೆಗೆ ಹೋಗುವುದಿಲ್ಲ ಎಂದನು. ಇವರ ಪ್ರಶ್ನೆಗಳು ನಮ್ಮವರಿಗೆ ಹೊಸವಲ್ಲ. ರಾಮಾನುಜರು ಆರು ಶತಮಾನ ಮೊದಲೇ, ಜಿನಸೇನನು ಅದಕ್ಕಿಂತಲೂ ಮೊದಲೇ ಇಂಥವನ್ನು ಎತ್ತಿದ್ದರು.

ತೂಕ

ನೈಯಾಯಿಕರು ಉತ್ತರವಿಲ್ಲದೆ ಸುಮ್ಮನಾದವರಲ್ಲ. ಬೆಟ್ಟಕ್ಕೆ ಕರ್ತೃವಿದ್ದಾನೆಯೋ ಇಲ್ಲವೋ ಎಂಬುದೇ ಚರ್ಚೆಯಾಗಿರುವಾಗ, ಬೆಟ್ಟವನ್ನೇ ತೋರಿಸಿ ‘ಕರ್ತೃವಿಲ್ಲದ ಕಾರ್ಯ’ ಎನ್ನುವಂತಿಲ್ಲ ಎಂದು ಅವರು ಹೇಳುತ್ತಾರೆ. ಇದು ಸರಿಯಾದ ಮಾತೇ. ಸುಖದುಃಖಗಳು ಜೀವಿಗಳ ಕರ್ಮಕ್ಕೆ ತಕ್ಕಂತೆ ಬರುತ್ತವೆ, ಆದರೆ ಕರ್ಮ ಜಡ. ಅದಕ್ಕೆ ಫಲ ಕೊಡುವ ಚೇತನನೊಬ್ಬ ಬೇಕು ಎಂದೂ ಅವರು ವಾದಿಸುತ್ತಾರೆ. ಕರ್ಮವನ್ನು ಒಪ್ಪಿದವರ ಮುಂದೆ ಇದಕ್ಕೆ ಬೆಲೆಯುಂಟು. ಒಟ್ಟಿನಲ್ಲಿ ಹೇಳುವುದಾದರೆ, ಆಕ್ಷೇಪಗಳು ಕರ್ತೃ ಇಲ್ಲವೆಂದು ಸಾಧಿಸಿಲ್ಲ. ವಾದವು ಕರ್ತೃ ಇದ್ದಾನೆಂದು ಒಪ್ಪದವನನ್ನು ಒಪ್ಪಿಸುವಷ್ಟು ಸಾಧಿಸಿಲ್ಲ.

ಆದರೆ ನಮಗೆ ಇವೆಲ್ಲಕ್ಕಿಂತ ಮುಖ್ಯವಾದ ಬೇರೊಂದು ಪ್ರಶ್ನೆಯಿದೆ. ವಾದ ಸಂಪೂರ್ಣ ಗೆದ್ದಿತೆಂದೇ ಇಟ್ಟುಕೊಳ್ಳೋಣ. ಆಗ ಸಿದ್ಧನಾಗುವ ದೇವರು ಯಾರು? ಕುಂಬಾರನು ಮಣ್ಣನ್ನು ಮಾಡುವುದಿಲ್ಲ. ಮಣ್ಣು ಅವನಿಂದ ಹೊರಗೆ, ಅವನಿಗಿಂತ ಮೊದಲೇ ಇದೆ. ಅದರಂತೆಯೇ ನೈಯಾಯಿಕರ ಈಶ್ವರನೂ ಪರಮಾಣುಗಳನ್ನು ಸೃಷ್ಟಿಸುವುದಿಲ್ಲ; ಅನಾದಿಯಾಗಿರುವ ಪರಮಾಣುಗಳನ್ನು ಕೂಡಿಸುತ್ತಾನೆ. ಅವನು ನಿಮಿತ್ತಕಾರಣ ಮಾತ್ರ. ನಮ್ಮ ಶಕ್ತಿವಿಶಿಷ್ಟಾದ್ವೈತ ಸಿದ್ಧಾಂತದಲ್ಲಿಯಾದರೋ ಶಿವನೇ ನಿಮಿತ್ತ, ಶಿವನೇ ಉಪಾದಾನ. ಜಗತ್ತು ಅವನ ಶಕ್ತಿಯ ವಿಕಾಸ, ಅವನಿಂದ ಹೊರಗೆ ಬಿದ್ದಿರುವ ಮಣ್ಣಿನ ಗುಡ್ಡೆಯಲ್ಲ. ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ಲಿಂಗಾಂಗ ಸಾಮರಸ್ಯವನ್ನು ಗುರಿಯಾಗಿಸಿಕೊಂಡವನಿಗೆ, ಎಂದೋ ಗಡಿಗೆ ಮಾಡಿ ಹೊರಟುಹೋದ ಕುಂಬಾರನಿಂದ ಆಗಬೇಕಾದುದೇನು? ಕುಂಬಾರನ ದೃಷ್ಟಾಂತವನ್ನು ಹೇಳಿ ಮಕ್ಕಳ ಬಾಯಿ ಮುಚ್ಚಿಸುವ ಹಿರಿಯರು, ತಮಗೆ ತಿಳಿಯದೆಯೇ ನಮ್ಮದಲ್ಲದ ದೇವರನ್ನು ಅವರಿಗೆ ಕೊಡುತ್ತಿದ್ದಾರೆ. ಮುಂದೆ ಆ ಮಗು ಜೀವವಿಜ್ಞಾನದ ಪಾಠದಲ್ಲಿ ೧೮೫೯ರ ಡಾರ್ವಿನನ ಗ್ರಂಥದ ವಿಚಾರವನ್ನು ಕಲಿತು, ಜೀವಿಗಳ ಅಂಗರಚನೆಗೆ ಕುಂಬಾರನಿಲ್ಲದೆಯೂ ವಿವರಣೆ ಇದೆಯೆಂದು ಕಂಡಾಗ, ಕುಂಬಾರನೊಡನೆ ಶಿವನನ್ನೂ ಬಿಟ್ಟುಬಿಡುತ್ತದೆ. ಆ ನಷ್ಟಕ್ಕೆ ಹೊಣೆ ವಿಜ್ಞಾನವಲ್ಲ, ನಾವು ಕೊಟ್ಟ ದೃಷ್ಟಾಂತ.

ಪವಾಡ ಮತ್ತು ಮುದ್ರೆ

ತರ್ಕದಿಂದ ಆಗದುದನ್ನು ಪವಾಡದಿಂದ ಸಾಧಿಸಬಹುದೆ? ಈಗ ಹಾವೇರಿ ಜಿಲ್ಲೆಗೆ ಸೇರಿರುವ ಅಬ್ಬಲೂರಿನ ಸೋಮೇಶ್ವರ ದೇವಾಲಯದಲ್ಲಿ ಸುಮಾರು ೧೨೦೦ರ ಶಾಸನವೊಂದಿದೆ. ಏಕಾಂತದ ರಾಮಯ್ಯನು ಜೈನರೊಡನೆ ಪಣ ಕಟ್ಟಿ, ತನ್ನ ಶಿರವನ್ನು ಕತ್ತರಿಸಿ ಶಿವನಿಗರ್ಪಿಸಿ, ಏಳು ದಿನಗಳ ಮೇಲೆ ಮರಳಿ ಪಡೆದನೆಂದೂ, ಬಳಿಕ ಜಿನಬಿಂಬವನ್ನು ಒಡೆದನೆಂದೂ, ಬಿಜ್ಜಳನು ಅವನಿಗೆ ಜಯಪತ್ರ ಕೊಟ್ಟನೆಂದೂ ಅದು ಹೇಳುತ್ತದೆ. ಶಾಸನ ಹೇಳುವಂತೆಯೇ ನಡೆಯಿತೆಂದು ಒಪ್ಪಿದರೂ, ಅದರಿಂದ ಸಿದ್ಧವಾಗುವುದು ಒಬ್ಬ ಭಕ್ತನ ನಿಷ್ಠೆ. ಜಿನಸೇನನ ಪ್ರಶ್ನೆಗಳಲ್ಲಿ ಒಂದಕ್ಕೂ ಅದರಿಂದ ಉತ್ತರ ದೊರೆತಂತಾಗುವುದಿಲ್ಲ. ಒಡೆದ ಬಿಂಬವಂತೂ ಯಾವ ತತ್ತ್ವಕ್ಕೂ ಪ್ರಮಾಣವಾಗಲಾರದು. ನಮ್ಮವರದೆಂಬ ಅಭಿಮಾನದಿಂದ ಈ ಮಾತನ್ನು ಮರೆಮಾಚಬಾರದು.

ಅಭಿಮಾನಪಡಬೇಕಾದ ಶಾಸನ ಬೇರೆ ಇದೆ, ಮತ್ತು ಅದು ನಮ್ಮ ಮಗ್ಗುಲಲ್ಲಿಯೇ ಇದೆ. ೧೬೩೮ರಲ್ಲಿ, ಬೇಲೂರು ನಾಯಕರ ಆಳಿಕೆಯ ಕಾಲದಲ್ಲಿ, ಹಳೆಯಬೀಡಿನ ವಿಜಯಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಹುಚ್ಚಪ್ಪದೇವರೆಂಬವರು ಲಿಂಗಮುದ್ರೆಯನ್ನು ಹಾಕಿಸಿದರು. ಜೈನರ ವಿಜಯಪ್ಪನೆಂಬವನು ಅದನ್ನು ಅಳಿಸಿಹಾಕಿದನು. ಕಲಹಕ್ಕೆ ಇದಕ್ಕಿಂತ ಹೆಚ್ಚಿನ ಕಾರಣ ಬೇಕಿರಲಿಲ್ಲ. ಜೈನ ಪ್ರಮುಖರು ಬಿನ್ನವಿಸಿಕೊಂಡಾಗ ವೀರಶೈವ ಮಹಾಮಹತ್ತಿನವರು ಕೂಡಿ ತೀರ್ಪು ಕೊಟ್ಟರು: ಮೊದಲು ವಿಭೂತಿ ವೀಳ್ಯವನ್ನು ಸಲ್ಲಿಸಿ, ಆಮೇಲೆ ಜೈನರು ತಮ್ಮ ಪೂರ್ವಮರ್ಯಾದೆಯಂತೆ ಪಾರ್ಶ್ವನಾಥನ ಪೂಜೆಯನ್ನು ಆಚಂದ್ರಾರ್ಕವಾಗಿ ನಡೆಸಿಕೊಂಡು ಬರಬಹುದು. ಅಷ್ಟಕ್ಕೇ ನಿಲ್ಲದೆ, ಈ ಜೈನಧರ್ಮಕ್ಕೆ ಅಡ್ಡಿಪಡಿಸುವವನು ಮಹಾಮಹತ್ತಿನ ಪಾದಕ್ಕೆ ಹೊರಗು, ಶಿವದ್ರೋಹಿ, ಜಂಗಮದ್ರೋಹಿ ಎಂಬ ಶಾಪವನ್ನೂ ಬರೆಯಿಸಿದರು.

ಈ ತೀರ್ಪನ್ನು ಸ್ವಲ್ಪ ನಿಧಾನವಾಗಿ ವಿಚಾರಿಸಬೇಕು. ವಿಭೂತಿ ವೀಳ್ಯದ ಕಟ್ಟಳೆಯಲ್ಲಿ ಬಲಿಷ್ಠರ ಕೈ ಮೇಲಾಗಿರುವುದು ಕಾಣುತ್ತದೆ; ಅದನ್ನು ಇಲ್ಲವೆನ್ನಲಾಗದು. ಆದರೂ, ಸೃಷ್ಟಿಕರ್ತನಾದ ಈಶ್ವರನನ್ನು ಒಪ್ಪದವರ ಪೂಜೆಗೆ ಅಡ್ಡಿ ಮಾಡುವುದೇ ಶಿವದ್ರೋಹವೆಂದು ಶಿವಭಕ್ತರೇ ಕಲ್ಲಿನಲ್ಲಿ ಬರೆಯಿಸಿದ್ದು ಸಾಮಾನ್ಯ ಸಂಗತಿಯಲ್ಲ. ೧೩೬೮ರಲ್ಲಿ ಶ್ರವಣಬೆಳಗೊಳದ ಜೈನರಿಗೂ ಶ್ರೀವೈಷ್ಣವರಿಗೂ ಕೈಗೆ ಕೈ ಸೇರಿಸಿ ರಾಜಿ ಮಾಡಿದವನು ಅರಸನಾದ ಬುಕ್ಕರಾಯ. ೧೬೩೮ರಲ್ಲಿಯಾದರೋ ಮಠದ ಹಿರಿಯರೇ ತಮ್ಮವನು ಮಾಡಿದ ಕೆಲಸದ ಬಗ್ಗೆ ತಾವೇ ತೀರ್ಪು ಕೊಟ್ಟರು. ಕಂಬದ ಮೇಲೆ ಒತ್ತಿದ ಮುದ್ರೆಯಿಂದ ಶಿವನು ಸಿದ್ಧನಾಗುವುದಿಲ್ಲ, ಅಳಿಸಿದ್ದರಿಂದ ಇಲ್ಲವಾಗುವುದಿಲ್ಲ ಎಂಬುದು ಅವರ ನಡೆಯಿಂದಲೇ ಸ್ಪಷ್ಟವಾಗುತ್ತದೆ. ಇದೇ ಬೇಲೂರು ನಾಯಕರ ಮನೆತನ ಮುಂದೆ ಐಗೂರಿನಲ್ಲಿ ನೆಲೆನಿಂತು ಬಲಂ ಸೀಮೆಯನ್ನು ಆಳಿತು. ಸಕಲೇಶಪುರದ ಸುತ್ತಿನ ಮಲೆನಾಡೆಲ್ಲ ಆ ಸೀಮೆಯದೇ. ಆದುದರಿಂದ ಈ ತೀರ್ಪು ಈ ಭಾಗದ ಭಕ್ತರ ಸ್ವಂತ ಪಿತ್ರಾರ್ಜಿತ.

ನಮ್ಮ ಉತ್ತರ

ಹಾಗಾದರೆ ಕೇಳಿದ ಮಕ್ಕಳಿಗೆ ಏನು ಹೇಳಬೇಕು? ‘ಅನುಭವವೇ ಪ್ರಮಾಣ’ ಎಂದು ಹೇಳುವ ರೂಢಿ ನಮ್ಮಲ್ಲಿದೆ. ಇದು ನಿಜ, ಆದರೆ ಇದನ್ನೂ ತೂಗಿಯೇ ಹೇಳಬೇಕು. ಅನುಭವ ಅದನ್ನು ಪಡೆದವನ ಬಾಳಿಗೆ ಆಧಾರ. ಪಡೆಯದವನನ್ನು ಒಪ್ಪಿಸಲು ಅದು ಸಾಲದು. ಬೇರೆ ಮಾರ್ಗದ ಸಾಧಕರೂ ತಮ್ಮ ತಮ್ಮ ಅನುಭವವನ್ನು ಹೇಳುತ್ತಾರೆ. ಅಲ್ಲದೆ ಶರಣರಲ್ಲಿ ಅನುಭವವೆಂಬುದು ಪ್ರಶ್ನೆಯಿಂದ ತಪ್ಪಿಸಿಕೊಳ್ಳುವ ಮರೆಯಾಗಿರಲಿಲ್ಲ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯನು ಮೊದಲಿಗೆ ಸಂಕಲಿಸಿದ ‘ಶೂನ್ಯಸಂಪಾದನೆ’ ಮೊದಲಿನಿಂದ ಕೊನೆಯವರೆಗೆ ಸಂವಾದರೂಪದಲ್ಲಿದೆ. ಅಲ್ಲಿ ಅಲ್ಲಮಪ್ರಭುದೇವರು ಎದುರಿಗೆ ಬಂದವರ ಅನುಭವವನ್ನು ಪ್ರಶ್ನಿಸುತ್ತಾರೆ. ಅಕ್ಕಮಹಾದೇವಿಯನ್ನೂ, ಸಿದ್ಧರಾಮಯ್ಯನವರನ್ನೂ ಬಿಡುವುದಿಲ್ಲ. ಪ್ರಶ್ನೆಗೆ ನಿಂತು ಉಳಿದ ಅನುಭವಕ್ಕೆ ಮಾತ್ರ ಅನುಭವಮಂಟಪದಲ್ಲಿ ಬೆಲೆ.

ಆದುದರಿಂದ, ಸದ್ಭಕ್ತರೇ, ತಮ್ಮ ಮನೆಯ ಮಕ್ಕಳು ಪ್ರಮಾಣ ಕೇಳಿದರೆ ಗದರಿಸಬೇಡಿ. ಕುಂಬಾರನನ್ನು ತೋರಿಸಿ ಕಳುಹಿಸಲೂಬೇಡಿ. ಉದಯನನ ವಾದವನ್ನೂ ಧರ್ಮಕೀರ್ತಿಯ ಹುತ್ತವನ್ನೂ ಒಟ್ಟಿಗೆ ಅವರ ಮುಂದಿಡಿ. ತರ್ಕ ಎಲ್ಲಿಯವರೆಗೆ ನಡೆಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಅವರೇ ಕಾಣಲಿ. ‘ಈ ಲಿಂಗದ ಮುಂದೆ ಕುಳಿತು ನಾನು ಕಂಡುದು ಇಷ್ಟು, ಇದು ನಿನ್ನನ್ನು ಕಟ್ಟಿಹಾಕುವ ಪ್ರಮಾಣವಲ್ಲ, ನೀನೂ ಕುಳಿತು ನೋಡು, ಕಾಣದಿದ್ದರೆ ಕಾಣಲಿಲ್ಲವೆಂದು ಹೇಳು’ ಎನ್ನುವ ಧೈರ್ಯ ತಮಗಿರಲಿ. ‘ಕಾಣಲಿಲ್ಲ’ ಎಂದು ಹೇಳಿದ ಮಗುವೂ ತಮ್ಮ ಪಂಕ್ತಿಯಲ್ಲಿಯೇ ಕುಳಿತು ಪ್ರಸಾದ ಸ್ವೀಕರಿಸಲಿ. ಬಳ್ಳಿಗಾವೆಯ ಮಠ ಬೌದ್ಧ ದರ್ಶನವನ್ನು ಹೇಳಿಕೊಟ್ಟಿತು. ಹಳೆಯಬೀಡಿನ ಹಿರಿಯರು ಜಿನಪೂಜೆಗೆ ಕಾವಲಾದರು. ಆ ಹಿರಿಯರ ವಂಶದವರೆನ್ನಿಸಿಕೊಳ್ಳುವ ನಾವು ಒಂದು ಪ್ರಶ್ನೆಗೆ ಅಂಜಬೇಕಾದುದಿಲ್ಲ.